ಇರಾನಿನ ಶಿರಾಜಿನಲ್ಲಿರೋ ಗೆಳತಿಗೆ ಔಟ್‌ಲೈನ್ ವಿಪಿಎನ್ ಕೀ ಕೊಟ್ಟಿದ್ದೀನಿ, ಈಗ ಅವಳ ತಮ್ಮ ಹಂಚ್ತಿದ್ದಾನೆ. ಯಾರನ್ನು ಎಷ್ಟು ನಂಬೋದು?

ಕುಕ್ಕರಹಳ್ಳಿ_ವಾಕರ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ. ಗೆಳತಿಯ ಗುರುತು ಸಿಗಬಾರದು ಅಂತ ಅವಳ ಊರು, ಕೆಲಸ ಎರಡನ್ನೂ ಬದಲಿಸಿ ಬರೆದಿದ್ದೀನಿ. ಉಳಿದದ್ದೆಲ್ಲ ಇದ್ದದ್ದು ಇದ್ದ ಹಾಗೆ.

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡ್ತಿದ್ದಾಗ ನಮ್ಮ ಬ್ಯಾಚಿನಲ್ಲಿ ಇರಾನಿನವರು ಕೆಲವರಿದ್ದರು. ಆ ಕಾಲದಲ್ಲಿ ಮೈಸೂರಿನಲ್ಲಿ ಓದಿದವರಿಗೆ ಇದು ಹೊಸ ವಿಷಯವಲ್ಲ, ಸರಸ್ವತಿಪುರಂ ಕಡೆ ಬಾಡಿಗೆ ಮನೆಗಳಲ್ಲಿ ಅವರನ್ನು ನೀವೂ ನೋಡಿರ್ತೀರಿ. ಅವರಲ್ಲಿ ಒಬ್ಬಳು ಓದು ಮುಗಿಯುವ ತನಕ ನಮ್ಮನೆ ಮಹಡಿ ಮೇಲಿನ ರೂಮಿನಲ್ಲೇ ಇದ್ದಳು. ಅಡುಗೆಮನೆಯಲ್ಲಿ ಅಮ್ಮನ ಪಕ್ಕ ನಿಂತು ನಿಂತೇ ಕನ್ನಡ ಕಲಿತಳು. ಸೊಪ್ಪಿನವರ ಹತ್ತಿರ ಚೌಕಾಸಿ ಮಾಡುವಷ್ಟು ಬರುತ್ತಿತ್ತು. ಈಗ ಶಿರಾಜಿನಲ್ಲಿ ಕಾಲೇಜಿನಲ್ಲಿ ಪಾಠ ಮಾಡ್ತಾಳೆ.

2022ರ ಸೆಪ್ಟೆಂಬರಿನಲ್ಲಿ ಮಹ್ಸಾ ಅಮೀನಿ ಪೊಲೀಸರ ವಶದಲ್ಲಿದ್ದಾಗ ಸತ್ತಳಲ್ಲ, ಅದರ ಮುಂದಿನ ದಿನಗಳಲ್ಲೇ ಅಲ್ಲಿ ವಾಟ್ಸಾಪ್, ಇನ್‌ಸ್ಟಾಗ್ರಾಮ್ ಎರಡನ್ನೂ ಬಂದ್ ಮಾಡಿದರು. ಫೇಸ್‌ಬುಕ್, ಟ್ವಿಟರ್, ಯೂಟ್ಯೂಬ್ 2009ರಿಂದಲೇ ಇರಲಿಲ್ಲ. ಟೆಲಿಗ್ರಾಮ್ 2018ರಲ್ಲಿ ಹೋಯಿತು. ನಾನು ಕಳಿಸಿದ ಮೆಸೇಜುಗಳೆಲ್ಲ ಒಂದೇ ಟಿಕ್‌ನಲ್ಲಿ ನಿಂತುಬಿಟ್ಟವು. ಅಮ್ಮ ದಿನಾ ಸಂಜೆ "ಅವಳದ್ದೇನಾದರೂ ಬಂತಾ?" ಅಂತ ಕೇಳೋರು. ಆಗಲೇ ನಾನು ಯುರೋಪಿನಲ್ಲಿ ಒಂದು ಚಿಕ್ಕ ಸರ್ವರ್ ಬಾಡಿಗೆಗೆ ತಗೊಂಡು ಔಟ್‌ಲೈನ್ (ಬಂದ್ ಆದ ಸೈಟುಗಳನ್ನು ಬೇರೆ ದೇಶದ ಸರ್ವರ್ ಮೂಲಕ ತೆರೆಯೋ ಸಾಫ್ಟ್‌ವೇರ್) ಹಾಕಿ, ಅದನ್ನು ಬಳಸಲು ಬೇಕಾದ ಕೀಯನ್ನು ಮೇಲ್‌ನಲ್ಲಿ ಕಳಿಸಿದ್ದು. ತಿಂಗಳಿಗೆ ಐನೂರು ರೂಪಾಯಿಯೂ ಆಗಲ್ಲ. 2024ರ ಡಿಸೆಂಬರಿನಲ್ಲಿ ವಾಟ್ಸಾಪ್ ಮತ್ತೆ ಬಿಟ್ಟರು, ಆದರೆ ಉಳಿದದ್ದು ಹಾಗೇ ಬಂದ್ ಇದೆ. ಹಾಗಾಗಿ ಸರ್ವರ್ ನಡೆಸ್ತಾನೇ ಇದ್ದೀನಿ.

ಕೀಗಳಿಗೆ ಯಾರ ಹೆಸರನ್ನೂ ಹಾಕಿಲ್ಲ, ಹೂವಿನ ಹೆಸರಿಟ್ಟಿದ್ದೀನಿ. ಗೆಳತಿಯದು ಮಲ್ಲಿಗೆ, ಅವಳ ಅಮ್ಮನದು ಕನಕಾಂಬರ, ತಮ್ಮನದು ಸೇವಂತಿಗೆ, ಅವಳ ಜೊತೆ ಕೆಲಸ ಮಾಡುವ ಒಬ್ಬರದು ಸಂಪಿಗೆ. ಔಟ್‌ಲೈನ್ ಮ್ಯಾನೇಜರಿನಲ್ಲಿ ಯಾವ ಕೀಯಲ್ಲಿ ಕಳೆದ 30 ದಿನ ಎಷ್ಟು ಡೇಟಾ ಹೋಗಿದೆ ಅಂತ ಕಾಣುತ್ತೆ. ಸೇವಂತಿಗೆಯಲ್ಲಿ ಮೊದಲು ಒಂದು ಫೋನಿನ ಲೆಕ್ಕದಷ್ಟೇ ಇರುತ್ತಿತ್ತು. ಈಚೆಗೆ ಅದರ ಪಟ್ಟಿ ಬಾಕಿ ಮೂರು ಹೂವನ್ನೂ ಸೇರಿಸಿದರೂ ಸಾಲದಷ್ಟು ಉದ್ದ ಆಗಿದೆ. ಅದಾಗಿ ಸ್ವಲ್ಪ ದಿನಕ್ಕೆ ಸರ್ವರಿನ ಐಪಿ (ಇಂಟರ್ನೆಟ್ ವಿಳಾಸ) ಇರಾನಿನಿಂದ ಸಿಗೋದು ನಿಂತಿತು. ಇಲ್ಲಿಂದ ಸಿಗುತ್ತೆ, ಅಲ್ಲಿಂದ ಇಲ್ಲ. ಹೊಸ ಸರ್ವರ್ ಮಾಡಿದೆ. ಗೆಳತಿ ತಮ್ಮನನ್ನು ಕೇಳಿದಳಂತೆ. ಹಾಸ್ಟೆಲಿನ ಸ್ನೇಹಿತರಿಗೆ ಕೊಟ್ಟಿದ್ದೀನಿ ಅಂದನಂತೆ. ಅವರಲ್ಲಿ ಒಬ್ಬ ಹುಡುಗನ ಮನೆಯವರು ಸರ್ಕಾರದ ಕಡೆಯವರು ಅಂತ ಅವಳಿಗೆ ಭಯ.

ಇದರ ಮಧ್ಯೆ ಟೆಲಿಗ್ರಾಮಿನಲ್ಲಿ ಯಾರೋ ಒಬ್ಬರು ನನಗೆ "ನಿಮ್ಮ ಗೆಳತಿ ನಿಮ್ಮ ನಂಬರ್ ಕೊಟ್ಟರು, ನಮಗೂ ಒಂದು ಕೀ ಬೇಕು" ಅಂತ ಬರೆದಿದ್ದಾರೆ. ಹೆಸರಿಲ್ಲ, ಫೋಟೋ ಇಲ್ಲ. ನಾನಿನ್ನೂ ಉತ್ತರ ಕೊಟ್ಟಿಲ್ಲ.

ನನ್ನ ದೊಡ್ಡಪ್ಪನ ಮಗ ಐಟಿಯಲ್ಲಿದ್ದಾನೆ. ಅವನ ಪ್ರಕಾರ ಇಷ್ಟೆಲ್ಲ ಯೋಚನೆ ಮಾಡೋದೇ ದಂಡ, ಕೀಯನ್ನು ಒಂದು ಚಾನೆಲ್ಲಿಗೆ ಹಾಕಿಬಿಡು, ಬೇಕಾದವರು ಬಳಸಲಿ. ನನ್ನ ಗಂಡ ಅದಕ್ಕೆ ತದ್ವಿರುದ್ಧ: ಗೆಳತಿಯೊಬ್ಬಳನ್ನು ಬಿಟ್ಟು ಉಳಿದವರದ್ದೆಲ್ಲ ಕಟ್ ಮಾಡು ಅಂತಾರೆ. ನನಗೆ ಎರಡೂ ಸರಿ ಕಾಣ್ತಿಲ್ಲ. ಹಾಸ್ಟೆಲ್ ಹುಡುಗರಿಗೂ ಇಂಟರ್ನೆಟ್ ಬೇಕಲ್ವಾ? ಆದರೆ ಅವರಿಂದ ನನ್ನ ಗೆಳತಿಗೆ ತೊಂದರೆ ಆದರೆ ಅದನ್ನು ನಾನು ತಡೆದುಕೊಳ್ಳಲಾರೆ. ಯಾರನ್ನು ನಂಬಬೇಕು ಅಂತ ಇಲ್ಲಿ ಕೂತು ಹೇಗೆ ತೀರ್ಮಾನ ಮಾಡೋದು?

ರ‍್ಯಾಕ್_ರೂಮ್_ಬೆಂಗಳೂರು

ಮೇಡಂ, ನೆಟ್‌ವರ್ಕ್ ಕೆಲಸದಲ್ಲಿರೋನು ನಾನು, ನನಗೆ ತಿಳಿದಷ್ಟು ಹೇಳ್ತೀನಿ.

ನಿಮ್ಮ ಭಯದಲ್ಲಿ ಎರಡು ಬೇರೆ ಬೇರೆ ವಿಷಯ ಕಲೆತಿವೆ. ಒಂದು, ಸರ್ವರ್ ಬಂದ್ ಆಗೋದು. ಇನ್ನೊಂದು, ಮನುಷ್ಯರು ಸಿಕ್ಕಿಬೀಳೋದು. ಮೊದಲನೆಯದಕ್ಕೆ ಒಂದು ಗಂಟೆ ಕೆಲಸ, ಐನೂರು ರೂಪಾಯಿ. ಎರಡನೆಯದಕ್ಕೆ ಪರಿಹಾರವೇ ಇಲ್ಲ. ಮೊದಲನೆಯದರ ವಿಚಾರದಲ್ಲಿ ಧಾರಾಳವಾಗಿರಿ, ಎರಡನೆಯದರಲ್ಲಿ ಬಿಗಿಯಾಗಿರಿ.

ಔಟ್‌ಲೈನ್ ಕೀ ಅಂದರೆ ಎಸ್‌ಎಸ್ ಅಂತ ಶುರುವಾಗೋ ಉದ್ದನೆ ಸಾಲು. ಅದರಲ್ಲಿ ಸರ್ವರಿನ ಐಪಿ, ಪೋರ್ಟ್ (ಸರ್ವರಿನ ಬಾಗಿಲಿನ ನಂಬರ್ ಇದ್ದ ಹಾಗೆ) ಕಣ್ಣಿಗೆ ಕಾಣೋ ಹಾಗೇ ಇರುತ್ತೆ. ಪಾಸ್‌ವರ್ಡ್ ಬೇಸ್64 ಅನ್ನೋ ಅಕ್ಷರರೂಪದಲ್ಲಿರುತ್ತೆ, ಅದನ್ನು ಯಾರು ಬೇಕಾದರೂ ಬಿಡಿಸಬಹುದು. ಅಂದರೆ ಆ ಸಾಲು ಯಾರ ಕೈಗೆ ಸಿಕ್ಕರೂ ಐಪಿ ಅವರಿಗೆ ಗೊತ್ತಾಯ್ತು ಅಂತಲೇ ಲೆಕ್ಕ. ನಾಲ್ಕು ಹೂವಿಗೆ ನಾಲ್ಕು ಪಾಸ್‌ವರ್ಡ್ ಇದ್ದರೂ ಐಪಿ ಒಂದೇ. ಸೇವಂತಿಗೆ ಸೋರಿದರೆ ಮಲ್ಲಿಗೆಯೂ ನಿಲ್ಲುತ್ತೆ.

ಚಾನೆಲ್ಲಿಗೆ ಹಾಕಿದರೆ ಎಷ್ಟು ದಿನ ಬದುಕುತ್ತೆ ಅನ್ನೋದಕ್ಕೆ ಚೀನಾ ಉದಾಹರಣೆ ಇದೆ. 2009ರ ಸೆಪ್ಟೆಂಬರಿನಲ್ಲಿ, ಅಲ್ಲಿ ಜನತಾ ಗಣರಾಜ್ಯ ಸ್ಥಾಪನೆಯ 60ನೇ ವಾರ್ಷಿಕೋತ್ಸವಕ್ಕೆ ಮುಂಚೆ, ಟಾರ್‌ನ (ಗುರುತು ಮರೆಸಿ ಇಂಟರ್ನೆಟ್ ಬಳಸೋ ಜಾಲ) ಬಹಿರಂಗ ರಿಲೇಗಳನ್ನೆಲ್ಲ, ಅಂದರೆ ದಾಟಿಸೋ ಸರ್ವರುಗಳನ್ನೆಲ್ಲ, ಅವರು ಬಂದ್ ಮಾಡಿದರು. ಟಾರ್‌ನವರು ಬ್ರಿಡ್ಜ್ ಅಂತ ಪಟ್ಟಿಯಲ್ಲಿಲ್ಲದ ವಿಳಾಸಗಳನ್ನು ವೆಬ್‌ಸೈಟಿನಲ್ಲಿ ಒಂದಷ್ಟು, ಇಮೇಲಿನಲ್ಲಿ ಒಂದಷ್ಟು, ಪರಿಚಯದವರ ಮೂಲಕ ಒಂದಷ್ಟು ಹಂಚ್ತಿದ್ದರು. 2010ರ ಮಾರ್ಚ್ ಹೊತ್ತಿಗೆ ಮೊದಲ ಎರಡು ದಾರಿಯ ಬ್ರಿಡ್ಜ್‌ಗಳು ಹೋದವು. ಜನರಿಂದ ಜನರಿಗೆ ಹೋದವು ಉಳಿದವು. ಸೆನ್ಸಾರ್ ಮಾಡುವವರೂ ಸಾಲಿನಲ್ಲಿ ನಿಂತು ನಮ್ಮ ಹಾಗೇ ಕೇಳಿ ಪಡೀತಾರೆ, ಅಷ್ಟೇ. ನಿಮ್ಮ ಅಣ್ಣನಿಗೆ ಇದನ್ನು ಹೇಳಿ.

ಹಾಗಂತ ಸರ್ವರ್ ಬಂದ್ ಆಯ್ತು ಅಂದ ತಕ್ಷಣ ಆ ಸರ್ಕಾರದ ಮನೆ ಹುಡುಗನೇ ಹೇಳಿಕೊಟ್ಟ ಅಂತ ತಿಳಿಯಬೇಡಿ. 2020ರಲ್ಲಿ ಇರಾನಿನ ಫಿಲ್ಟರ್ ಬಗ್ಗೆ ಸಂಶೋಧಕರು ಬರೆದಿದ್ದಾರೆ: 53, 80, 443 ಪೋರ್ಟುಗಳಲ್ಲಿ ಡಿಎನ್‌ಎಸ್, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ (ಅಂದರೆ ಮಾಮೂಲಿ ವೆಬ್ ಓಡಾಟ) ಬಿಟ್ಟು ಬೇರೆ ಏನೇ ಹೋದರೂ ಕತ್ತರಿಸುವ ಪದ್ಧತಿ ಅಲ್ಲಿತ್ತು. ಇಂಥ ಯಂತ್ರಕ್ಕೆ ಯಾರೂ ಚಾಡಿ ಹೇಳಬೇಕಾಗಿಲ್ಲ. ಒಂದು ಐಪಿಗೆ ಹಾಸ್ಟೆಲಿನಿಂದ ಗಂಟೆಗಟ್ಟಲೆ ಅಷ್ಟು ಡೇಟಾ ಹೋದರೆ ಅದೇ ಸಾಕು. 2019ರ ನವೆಂಬರಿನಲ್ಲಿ ಪೆಟ್ರೋಲ್ ಬೆಲೆ ಏರಿದ ಮೇಲೆ, 2025ರ ಜೂನಿನ ಯುದ್ಧದ ದಿನಗಳಲ್ಲಿ, ಇಡೀ ದೇಶದ ಸಂಪರ್ಕವೇ ಹೆಚ್ಚು ಕಡಿಮೆ ನಿಂತಿತ್ತು. ಆಗ ನಿಮ್ಮ ಸರ್ವರ್ ಸಿಗದಿದ್ದರೆ ಅದು ಯಾರ ತಪ್ಪೂ ಅಲ್ಲ.

ನಾನಾದರೆ ಹೀಗೆ ಮಾಡ್ತೀನಿ. ಮೂರು ಚಿಕ್ಕ ಸರ್ವರ್. ಒಂದು ಹತ್ತಿರದವರಿಗೆ, ಒಂದು ಅವರ ಪರಿಚಯದವರಿಗೆ, ಒಂದು ಹೊಸಬರಿಗೆ. ಹೊಸ ಸರ್ವರ್ ಬಂದ್ ಆಗದೆ ಕೆಲವು ತಿಂಗಳು ಉಳಿದರೆ ಅದರಲ್ಲಿದ್ದವರನ್ನು ಮೇಲಕ್ಕೆ ತರೋದು. ಬಂದ್ ಆದರೆ ಆ ಗುಂಪನ್ನು ಎರಡು ಮಾಡಿ ಎರಡು ಸರ್ವರಿಗೆ ಹಾಕಿ ಯಾವುದು ಮತ್ತೆ ಹೋಗುತ್ತೆ ನೋಡೋದು. ಸಾಲ್ಮನ್ ಅಂತ 2016ರಲ್ಲಿ ಒಂದು ಪದ್ಧತಿ ಪ್ರಕಟ ಆಯ್ತು, ಅದರ ತಿರುಳೂ ಇದೇ. ಸರ್ವರ್ ಬಂದ್ ಆದರೆ ಅದರಲ್ಲಿದ್ದ ಎಲ್ಲರ ಮೇಲೂ ಸಂಶಯದ ಅಂಕ ಸ್ವಲ್ಪ ಏರುತ್ತೆ. ತುಂಬ ದಿನ ಉಳಿದವರ ಮೇಲೆ ನಂಬಿಕೆ ಏರುತ್ತೆ. ಶಿಫಾರಸು ಮಾಡಿದವರನ್ನೂ ಬಂದವರನ್ನೂ ಒಂದೇ ಗುಂಪಿಗೆ ಹಾಕ್ತಾರೆ.

ಸೇವಂತಿಗೆಯನ್ನು ಇವತ್ತೇ ಈ ಸರ್ವರಿನಿಂದ ತೆಗೆದು ಬೇರೆ ಕಡೆ ಹಾಕಿ.

ನಾರ್ತ್‌ಯಾರ್ಕ್_ಕನ್ನಡತಿ

ನಾನಿರೋದು ಟೊರಾಂಟೊದಲ್ಲಿ, ನಮ್ಮ ಬೀದಿಯಲ್ಲಿ ಕನ್ನಡದವರಿಗಿಂತ ಇರಾನಿನವರೇ ಜಾಸ್ತಿ. ಎದುರು ಮನೆ ಆಂಟಿ ತನ್ನ ಅಕ್ಕತಂಗಿಯರಿಗೆ, ಅವರ ಮಕ್ಕಳಿಗೆ ಎಷ್ಟೋ ವರ್ಷದಿಂದ ಈ ಕೆಲಸ ಮಾಡ್ತಿದ್ದಾರೆ. ಅವರ ಅಡುಗೆಮನೆ ಟೇಬಲ್ ಮೇಲೆ ಹಳೇ ಲ್ಯಾಪ್‌ಟಾಪ್ ಒಂದು ಇದಕ್ಕೇ ಅಂತ ಇದೆ. ಹಾಗಾಗಿ ನಾನು ಹೇಳೋದರಲ್ಲಿ ಮುಕ್ಕಾಲು ಅವರಿಂದ ಕಲಿತದ್ದು.

ರ‍್ಯಾಕ್ ರೂಮ್ ಸರ್ ಹೇಳಿದ ಮೂರು ಮಟ್ಟದ ಲೆಕ್ಕ ಸರ್ವರ್ ಉಳಿಸೋದಕ್ಕೆ ಸರಿ. ಜನರನ್ನು ಉಳಿಸೋದಕ್ಕೆ ನನಗೆ ಸರಿ ಕಾಣಲ್ಲ. ಮೊದಲನೆಯದಾಗಿ ತಾಳ್ಮೆ ಇರೋ ಗೂಢಚಾರ ಆರು ತಿಂಗಳು ಸುಮ್ಮನಿದ್ದು ಮೇಲಿನ ಸರ್ವರಿಗೇ ಬರ್ತಾನೆ. ಎರಡನೆಯದಾಗಿ, ಯಾರು ಯಾರನ್ನು ಕರೆತಂದರು, ಯಾರ ಮೇಲೆ ಎಷ್ಟು ಸಂಶಯ ಅನ್ನೋ ಪಟ್ಟಿ ಎಲ್ಲಿರುತ್ತೆ? ಅಕ್ಕನ ಲ್ಯಾಪ್‌ಟಾಪಿನಲ್ಲಿ. ಆ ಪಟ್ಟಿ ಸರ್ವರಿಗಿಂತ ಅಪಾಯದ್ದು. ಟಾರ್‌ಗೆ ಅಂತ ಲಾಕ್ಸ್ ಎಂಬ ಪದ್ಧತಿಯ ಮೇಲೆ ಕೆಲಸ ಮಾಡ್ತಿದ್ದಾರಲ್ಲ, ಅದರಲ್ಲಿ ಅವರು ಒದ್ದಾಡಿದ್ದೇ ಇದಕ್ಕೆ: ಯಾರು ಯಾರನ್ನು ಆಹ್ವಾನಿಸಿದರು ಅಂತ ಬ್ರಿಡ್ಜ್ ಹಂಚುವವರಿಗೇ ಗೊತ್ತಾಗಬಾರದು.

ಆಂಟಿ ಮಾಡೋದು ಬಹಳ ಸರಳ. ಒಂದು ಮನೆಗೆ ಒಂದು ಸರ್ವರ್. ಅಷ್ಟೇ. ಅಕ್ಕನ ಮನೆಗೆ ಒಂದು, ತಂಗಿಯ ಮನೆಗೆ ಒಂದು, ಗಂಡನ ಕಡೆಯವರಿಗೆ ಇನ್ನೊಂದು. ಕಾರಣ ಕೇಳಿದೆ. ಅಲ್ಲಿ ಹೊರದೇಶಕ್ಕೆ ಹೋಗೋ ಸಂಪರ್ಕವೆಲ್ಲ ಸರ್ಕಾರದ ಕೈಯಲ್ಲೇ ಹಾದುಹೋಗುತ್ತೆ. 2022ರಲ್ಲಿ ಬೀದಿಯಲ್ಲಿ ನಿಲ್ಲಿಸಿ ಫೋನ್ ತೆಗೆಸಿ ನೋಡ್ತಿದ್ದರು, ನೀವೂ ಓದಿರ್ತೀರಿ. ಒಬ್ಬ ಹುಡುಗನ ಫೋನಿನಲ್ಲಿ ನಿಮ್ಮ ಕೀ ಸಿಕ್ಕಿತು ಅಂದುಕೊಳ್ಳಿ. ಅವನನ್ನು ಹೊಡೆಯಬೇಕಿಲ್ಲ, ಬಾಯಿ ಬಿಡಿಸಬೇಕಿಲ್ಲ. ಕೀಯಲ್ಲಿರೋ ಐಪಿ ತಗೊಂಡು, ಈ ಐಪಿಗೆ ಯಾವ್ಯಾವ ಮನೆಯಿಂದ, ಯಾವ್ಯಾವ ಸಿಮ್‌ನಿಂದ ಸಂಪರ್ಕ ಹೋಗಿದೆ ಅಂತ ಹುಡುಕಿದರೆ ಆಯ್ತು. ಹಾಸ್ಟೆಲ್ ಹುಡುಗನ ಫೋನಿನಿಂದ ನಿಮ್ಮ ಗೆಳತಿಯ ಅಮ್ಮನ ಮನೆ ಬಾಗಿಲಿಗೆ ಬರಬಹುದು. ಆ ತಾಯಿ ಆ ಹುಡುಗನ ಮುಖವನ್ನೂ ನೋಡಿರಲ್ಲ.

ಹಾಗಾಗಿ "ಇವನು ನಂಬಿಕಸ್ತನಾ" ಅಂತ ನಾವು ಕೇಳಿಕೊಳ್ಳೋದೇ ಬಿಡಬೇಕು ಅಂತ ನನ್ನ ಅಭಿಪ್ರಾಯ. ಒಳ್ಳೆಯ ಹುಡುಗನ ಫೋನೂ ಕಿತ್ತುಕೊಳ್ಳುತ್ತಾರೆ. ಕೇಳಬೇಕಾದ್ದು, ಇವನ ಫೋನ್ ಹೋದರೆ ಇವನ ಜೊತೆ ಇನ್ಯಾರು ಹೋಗ್ತಾರೆ ಅಂತ. ಒಂದು ಮನೆಯವರಾದರೆ ಅವರ ಸಂಬಂಧ ಹೇಗೂ ಸರ್ಕಾರಕ್ಕೆ ಗೊತ್ತಿರೋದೇ, ಒಂದೇ ಐಪಿಯಿಂದ ಹೊಸದಾಗಿ ಏನೂ ಬಯಲಾಗಲ್ಲ. ಹಾಸ್ಟೆಲ್ ಹುಡುಗರು ಪರಸ್ಪರ ಪರಿಚಯದವರು, ಅವರಿಗೆ ಒಂದು ಪ್ರತ್ಯೇಕ ಸರ್ವರ್ ಇರಲಿ. ಆದರೆ ಗೆಳತಿ, ಅವಳ ಸಹೋದ್ಯೋಗಿ, ಹಾಸ್ಟೆಲ್ ಎಲ್ಲ ಒಂದೇ ಕಡೆ ಇರಲೇಬಾರದು. ಸಂಪಿಗೆಯನ್ನೂ ಬೇರೆ ಮಾಡಿ. ಅವರಿಬ್ಬರೂ ಕಾಲೇಜಿನಲ್ಲಿ ಜೊತೆಗಿದ್ದರೂ, ಹೊರಗೆ ಇಷ್ಟು ಹತ್ತಿರದವರು ಅಂತ ಮೇಲಿನವರಿಗೆ ತಿಳಿಯೋದು ಯಾಕೆ?

ಇನ್ನೊಂದು ಮಾತು. ತಮ್ಮನ ಕೀ ಕಟ್ ಮಾಡೋದು ಬಿಡೋದು ನೀವೊಬ್ಬರೇ ತೀರ್ಮಾನಿಸಬೇಡಿ ಅಕ್ಕ. ಅಪಾಯ ಅವರದ್ದು. ಯಾವ ಹುಡುಗ ಎಂಥವನು ಅಂತ ನಿಮ್ಮ ಗೆಳತಿಗೆ ಗೊತ್ತಾಗುತ್ತೆ, ಮೈಸೂರಿನಲ್ಲಿ ಕೂತ ನಿಮಗೆ ಗೊತ್ತಾಗಲ್ಲ. ನೀವು ಸರ್ವರ್ ಕೊಡಿ, ಯಾರಿಗೆ ಅಂತ ಅವಳು ಹೇಳಲಿ, ಹೆಸರು ಮಾತ್ರ ಕೇಳಲೇಬೇಡಿ. ಇಲ್ಲಿನ ಯೂನಿವರ್ಸಿಟಿಯ ಸಿಟಿಜನ್ ಲ್ಯಾಬ್‌ನವರು 2006ರ ಡಿಸೆಂಬರಿನಲ್ಲಿ ಸೈಫನ್ ಅಂತ ಬಿಟ್ಟರಲ್ಲ, ಮೊದಮೊದಲು ಅದು ಹೀಗೇ ಇತ್ತು. ಹೊರದೇಶದಲ್ಲಿರೋ ಒಬ್ಬರು ತಮ್ಮ ಮನೆ ಕಂಪ್ಯೂಟರಿನಲ್ಲಿ ಹಾಕಿಕೊಂಡು, ಒಳಗಿರೋ ತಮ್ಮವರಿಗೆ ಮಾತ್ರ ವಿಳಾಸ, ಪಾಸ್‌ವರ್ಡ್ ಕೊಡೋದು. ಆಮೇಲೆ ಲಕ್ಷಾಂತರ ಜನರಿಗೆ ಅಂತ ಬೇರೆ ರೀತಿ ಬೆಳೆಸಿದರು. ಪರಿಚಯ ಇಲ್ಲದವರಿಗೆ ಈಗಿನ ಸೈಫನ್ ಸಾಕು. ನಿಮ್ಮ ಕೀ ಪರಿಚಯದವರಿಗೆ ಉಳಿಸಿ.

ತಮ್ಮ ದುಡ್ಡಿಗೆ ಮಾರ್ತಿದ್ದಾನಾ ಅಂತ ಮಾತ್ರ ಗೆಳತಿ ಹತ್ತಿರ ಒಂದು ಸಲ ಕೇಳಿಸಿ. ಫಿಲ್ಟರ್‌ಶೆಕನ್ (ವಿಪಿಎನ್‌ಗೆ ಅಲ್ಲಿಯ ಹೆಸರು) ಮಾರೋದು ಅಲ್ಲಿ ದೊಡ್ಡ ಗುಪ್ತ ವ್ಯಾಪಾರ, ವಿದ್ಯಾರ್ಥಿಗಳೂ ಮಾರ್ತಾರೆ. 2024ರ ಫೆಬ್ರವರಿಯಲ್ಲಿ ಅನುಮತಿ ಇಲ್ಲದ ವಿಪಿಎನ್ ಬಳಸೋದನ್ನೂ ನಿಷೇಧಿಸಿ ಆದೇಶ ಬಂತು, ಆದರೆ ಅದಕ್ಕೆ ಮುಂಚಿನಿಂದಲೂ ಮಾರೋರ ಮೇಲೇ ಕಣ್ಣು ಜಾಸ್ತಿ. ಬಯ್ಯೋದಕ್ಕಲ್ಲ, ಅವನ ಒಳ್ಳೆಯದಕ್ಕೆ ಹೇಳ್ತಿದ್ದೀನಿ.

ಹಳೇ_ಗಂಗೋತ್ರಿ

2009ರಲ್ಲಿ ನಾನೂ ಗಂಗೋತ್ರಿಯಲ್ಲಿದ್ದೆ. ಇರಾನಿನಲ್ಲಿ ಜೂನ್ ಚುನಾವಣೆ ಆಗಿ ಜನ ಬೀದಿಗಿಳಿದಾಗ ನಮ್ಮ ವಿಭಾಗದ ಇರಾನಿ ಹುಡುಗರು ಸೈಬರ್ ಸೆಂಟರಿನಿಂದ ಏಳುತ್ತಲೇ ಇರಲಿಲ್ಲ. ಮನೆಗೆ ಫೋನ್ ಹೋಗದೆ ಅಳುತ್ತಿದ್ದವರನ್ನು ನೋಡಿದ್ದೇನೆ. ಈ ವಿಷಯ ಓದಿದಾಗ ಬರೆಯದೆ ಇರಲಾಗಲಿಲ್ಲ.

ಮೇಲಿನವರಿಬ್ಬರೂ ಕೀ ಪಡೆಯುವವರ ಬಗ್ಗೆ ಹೇಳಿದರು. ಕೊಡುವವರ ಬಗ್ಗೆ ನಾನು ಹೇಳುತ್ತೇನೆ. ಆ ಚುನಾವಣೆಯ ನಂತರ ಆಸ್ಟಿನ್ ಹೀಪ್ ಎಂಬ ಅಮೆರಿಕದ ಯುವಕ ಇರಾನಿನವರಿಗಾಗಿ ಇಂಟರ್ನೆಟ್ ನಿರ್ಬಂಧ ದಾಟಿಸುವ ಹೇಸ್ಟ್ಯಾಕ್ ಎಂಬ ಸಾಫ್ಟ್‌ವೇರ್ ತಯಾರಿಸುತ್ತೇನೆಂದು ಹೊರಟ. ಪತ್ರಿಕೆಗಳು ಹೊಗಳಿದವು, 2010ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪ್ರಶಸ್ತಿ ಕೊಟ್ಟಿತು, ಅಮೆರಿಕದ ಸರ್ಕಾರ ರಫ್ತಿಗೆ ಪರವಾನಗಿಯನ್ನೂ ಕೊಟ್ಟಿತು. ಅದರ ಒಳಗೆ ಏನಿದೆ ಎಂದು ಹೊರಗಿನ ಯಾರೂ ಪರೀಕ್ಷಿಸಿರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ಕಂಪ್ಯೂಟರ್ ಭದ್ರತಾ ಸಂಶೋಧಕ ಜೇಕಬ್ ಅಪೆಲ್‌ಬಾಮ್ ಮತ್ತು ಜೊತೆಗಾರರು ಒಂದು ಪ್ರತಿ ಪಡೆದು ನೋಡಿದರೆ, ಬಳಸುವವರನ್ನೇ ಹಿಡಿದುಕೊಡುವಂತಿತ್ತು. ಆಯ್ದ ಕೆಲವೇ ಪರಿಚಿತರಿಗೆ ಪರೀಕ್ಷೆಗೆ ಕೊಟ್ಟಿದ್ದೇವೆ ಎಂದಿದ್ದ ಪ್ರತಿಗಳು ಅವರಿಂದಾಚೆಗೂ ಹೋಗಿದ್ದವು. ಕೊನೆಗೆ ನಿಲ್ಲಿಸಿದರು. ಹೀಪ್ ಕೆಟ್ಟ ಉದ್ದೇಶದವನು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಅವನನ್ನು ನಂಬಿದವರು ಇದ್ದದ್ದು ತೆಹರಾನಿನಲ್ಲಿ, ಅವನಿದ್ದದ್ದು ಸ್ಯಾನ್‌ ಫ್ರಾನ್ಸಿಸ್ಕೊದಲ್ಲಿ.

ನಿಮ್ಮ ಸರ್ವರಿನಲ್ಲಿ ಯಾವ ಕೀ ಯಾವ ಕಡೆಗೆ ಹೋಗುತ್ತಿದೆ ಎಂದು ನೀವು ಮನಸ್ಸು ಮಾಡಿದರೆ ನೋಡಬಹುದು. ನೋಡುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ತಾಯಿ ಕನಕಾಂಬರ ಬಳಸುತ್ತಿದ್ದಾರೆ. ಹೂವಿನ ಹೆಸರಿಟ್ಟದ್ದು ಬಹಳ ಒಳ್ಳೆಯದಾಯಿತು. ಸರ್ವರ್ ನಡೆಸುವ ಲ್ಯಾಪ್‌ಟಾಪಿಗೆ ಡಿಸ್ಕ್ ಎನ್‌ಕ್ರಿಪ್ಷನ್ ಹಾಕಿ, ಬಾಡಿಗೆ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ, ಕೀ ಕಳಿಸಿದ ಹಳೆಯ ಮೇಲ್‌ಗಳನ್ನು ಎರಡೂ ಕಡೆ ಅಳಿಸಿ. ಆ್ಯಪನ್ನು ಅವರು ಎಲ್ಲಿಂದ ಇಳಿಸಿಕೊಂಡರು ಎಂಬುದನ್ನೂ ಕೇಳಿ. 2023ರ ಜನವರಿಯಲ್ಲಿ ಸೈಬರ್ ಭದ್ರತಾ ಕಂಪನಿ ಬಿಟ್‌ಡಿಫೆಂಡರ್‌ನವರು ಇರಾನಿನದೇ ಒಂದು ವಿಪಿಎನ್‌ನ ಇನ್‌ಸ್ಟಾಲರಿನೊಳಗೆ ಬೇಹುಗಾರಿಕೆ ತಂತ್ರಾಂಶ ಸೇರಿಸಿದ್ದನ್ನು ತೋರಿಸಿದ್ದರು. ಸ್ನೇಹಿತ ಫಾರ್ವರ್ಡ್ ಮಾಡಿದ ಫೈಲ್ ಎಂದು ನಂಬಿ ಹಾಕಿಕೊಳ್ಳುವುದು ಬೇಡ.

ಟೆಲಿಗ್ರಾಮಿನ ಅಪರಿಚಿತರ ಬಗ್ಗೆ: "ಹೌದು, ಅವಳು ನನ್ನ ಗೆಳತಿ" ಎಂದು ದಯವಿಟ್ಟು ಬರೆಯಬೇಡಿ. ಅವರಿಗೆ ಬೇಕಾದ್ದು ಕೀ ಅಲ್ಲದೆ ಆ ಒಂದು ವಾಕ್ಯವೇ ಇರಬಹುದು. ಸಂದೇಶ ನಿಮ್ಮ ಗೆಳತಿಯ ಖಾತೆಯಿಂದಲೇ ಬಂದರೂ ಎಚ್ಚರ ಬೇಕು. 2016ರಲ್ಲಿ ಇರಾನಿನಲ್ಲಿ ಹತ್ತಕ್ಕಿಂತ ಹೆಚ್ಚು ಟೆಲಿಗ್ರಾಮ್ ಖಾತೆಗಳನ್ನು, ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ನಡುವೆಯೇ ಹಿಡಿದು, ವಶಪಡಿಸಿಕೊಂಡಿದ್ದರೆಂದು ಸಂಶೋಧಕರು ಹೇಳಿದ್ದರು. ಅವಳಿಗೆ ಎರಡನೇ ಪಾಸ್‌ವರ್ಡ್ ಹಾಕಿಕೊಳ್ಳಲು ಹೇಳಿ. ಮತ್ತೆ ನಿಮ್ಮಿಬ್ಬರಿಗೆ ಯಾರಿಗೂ ಇಲ್ಲದ ಅನುಕೂಲ ಒಂದಿದೆ. ಅವಳಿಗೆ ಕನ್ನಡ ಬರುತ್ತದೆ, ಅದೂ ನಿಮ್ಮ ತಾಯಿಯಿಂದ ಕಲಿತ ಕನ್ನಡ. ಹೊಸಬರ ವಿಷಯ ಬಂದಾಗಲೆಲ್ಲ ಅವಳೇ ಧ್ವನಿಯಲ್ಲಿ, ಕನ್ನಡದಲ್ಲಿ ಹೇಳಬೇಕು ಎಂದು ಮಾಡಿಕೊಳ್ಳಿ. ನಿಮ್ಮ ಮನೆಯೊಳಗಿನವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ, ಅದಕ್ಕೆ ಉತ್ತರ. ಒತ್ತಾಯದಲ್ಲಿ ಮಾತಾಡುತ್ತಿದ್ದರೆ ಕೊಡಬೇಕಾದ ತಪ್ಪು ಉತ್ತರವೂ ಒಂದಿರಲಿ. ಯಾವುದು ಎಂದು ಇಲ್ಲಿ ಬರೆಯಬೇಡಿ.

ರ‍್ಯಾಕ್_ರೂಮ್_ಬೆಂಗಳೂರು

ನಾರ್ತ್‌ಯಾರ್ಕ್ ಮೇಡಂ ಹೇಳಿದ ಐಪಿ ವಿಷಯ ಪೂರ್ತಿ ಸರಿ. ಮೂರು ಮಟ್ಟದ ಬದಲು ಮನೆಗೊಂದು ಸರ್ವರ್ ಅಂತಲೇ ನಾನೂ ಹೇಳ್ತೀನಿ. ಬಂದ್ ಆದಾಗ ಗುಂಪು ಒಡೆದು ನೋಡೋದು ಹಾಸ್ಟೆಲ್ ಸರ್ವರಿಗೆ ಮಾತ್ರ ಇರಲಿ.

ಒಂದೇ ಸೇರಿಸ್ತೀನಿ. ಒಂದೇ ಕಂಪನಿಯಲ್ಲಿ ಎಲ್ಲ ಸರ್ವರ್ ತಗೊಂಡರೆ ಐಪಿಗಳು ಅಕ್ಕಪಕ್ಕದವೇ ಬರಬಹುದು, ಒಂದು ಸಾಲನ್ನೇ ಬಂದ್ ಮಾಡಿದರೆ ಎಲ್ಲ ಒಟ್ಟಿಗೆ ಹೋಗುತ್ತೆ. ಎರಡು ಕಂಪನಿ, ಎರಡು ದೇಶ ಮಾಡಿ. ಭಾರತದ ಸರ್ವರ್ ಬೇಡ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯ 2022ರ ಏಪ್ರಿಲ್ 28ರ ಸರ್ಟ್‌-ಇನ್ ನಿರ್ದೇಶನದಂತೆ ಇಲ್ಲಿ ವಿಪಿಎಸ್ (ಬಾಡಿಗೆ ಸರ್ವರ್), ಕ್ಲೌಡ್, ವಿಪಿಎನ್ ಕೊಡುವವರು ಗಿರಾಕಿಯ ಹೆಸರು, ವಿಳಾಸ, ಐಪಿ ಎಲ್ಲ 5 ವರ್ಷ ಇಟ್ಟುಕೊಳ್ಳಬೇಕು.

ಇನ್ನು ಔಟ್‌ಲೈನಿನಲ್ಲಿ ನಿಮ್ಮ ಸರ್ವರಿನ ಐಪಿಯೇ ಹೊರಗಿನ ಸೈಟುಗಳಿಗೆ ಕಾಣೋದು. ಹಾಸ್ಟೆಲಿನಲ್ಲಿ ಯಾರಾದರೂ ಸಿನಿಮಾ ಟೊರೆಂಟ್ ಹಾಕಿದರೂ ದೂರು ನಿಮ್ಮ ಖಾತೆಗೆ ಬರುತ್ತೆ. ಆ ಕೀಗಳಿಗೆ ಡೇಟಾ ಮಿತಿ ಹಾಕಿ, ಒಬ್ಬೊಬ್ಬರಿಗೂ ಬೇರೆ ಬೇರೆ ಕೀ ಮಾಡಿ ತಮ್ಮನ ಕೈಗೆ ಕೊಡಿ. ಆಗ ಅವನು ತನ್ನದನ್ನೇ ಹಂಚೋದು ತಪ್ಪುತ್ತೆ.

ಮುಖವೇ ಗೊತ್ತಿಲ್ಲದವರಿಗೆ ಸಹಾಯ ಮಾಡಬೇಕು ಅನ್ನಿಸಿದರೆ ಸ್ನೋಫ್ಲೇಕ್ ಇದೆ. ನಿಮ್ಮ ಬ್ರೌಸರಿನಲ್ಲಿ ಒಂದು ಎಕ್ಸ್‌ಟೆನ್ಷನ್, ಅಷ್ಟೇ. ಅಲ್ಲಿಯವರು ಟಾರ್ ಬ್ರೌಸರಿನಲ್ಲಿ ಸ್ನೋಫ್ಲೇಕ್ ಆರಿಸಿಕೊಂಡರೆ ನಿಮ್ಮ ಮೂಲಕ ಟಾರ್ ಒಳಗೆ ಹೋಗ್ತಾರೆ, ಹೊರಗೆ ಬರೋದು ಬೇರೆ ಎಲ್ಲೋ. ಯಾರು ಅಂತ ನಿಮಗೆ ಗೊತ್ತಾಗಲ್ಲ, ಯಾವ ಸೈಟ್ ನೋಡ್ತಿದ್ದಾರೆ ಅಂತಲೂ ಕಾಣಲ್ಲ. ಸೈಟಿನವರಿಗೆ ನಿಮ್ಮ ಐಪಿ ಕಾಣಲ್ಲ. ನೀವು ಅವರನ್ನು ನಂಬಬೇಕಿಲ್ಲ, ಅವರೂ ನಿಮ್ಮನ್ನು ಅಷ್ಟಾಗಿ ನಂಬಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇರಾನಿನಿಂದ ಅದರ ಬಳಕೆ ಒಮ್ಮೆಲೇ ಏರಿತ್ತು. ಟೆಲಿಗ್ರಾಮಿನವರಿಗೆ ಸೈಫನ್, ಟಾರ್ ಬ್ರೌಸರ್ ಇವೆರಡರ ಹೆಸರು ಹೇಳಿ ಮುಗಿಸಿ. ಗೆಳತಿಯ ಮಾತೇ ಎತ್ತಬೇಡಿ. ನಿಮ್ಮ ಅಣ್ಣನಿಗೂ ಅಷ್ಟು ಉತ್ಸಾಹ ಇದ್ದರೆ ಚಾನೆಲ್ ಬೇಡ, ಇದನ್ನು ಹಾಕಿಕೊಳ್ಳಲಿ.

ಕುಕ್ಕರಹಳ್ಳಿ_ವಾಕರ್

ಎಲ್ಲರಿಗೂ ಮನಸಾರೆ ಧನ್ಯವಾದ. ಓದಿದ ಮೇಲೆ ಗೆಳತಿ ಜೊತೆ ಮಾತಾಡಿದೆ, ಅಮ್ಮನೂ ಪಕ್ಕದಲ್ಲಿದ್ದರು. ಹಳೇ ಗಂಗೋತ್ರಿ ಸರ್ ಹೇಳಿದ ಪ್ರಶ್ನೆಯನ್ನು ಅಮ್ಮನೇ ಆರಿಸಿಕೊಟ್ಟರು. ಅದನ್ನು ಕೇಳಿ ಅವಳು ಎಷ್ಟೋ ದಿನದ ಮೇಲೆ ಜೋರಾಗಿ ನಕ್ಕಳು.

ತಮ್ಮ ಮಾರ್ತಿಲ್ಲ. ಪರೀಕ್ಷೆಗೆ ಓದಲು ಯೂಟ್ಯೂಬ್ ಪಾಠಗಳನ್ನು ಹಾಸ್ಟೆಲಿನ ಒಂದೇ ಫೋನಿನಲ್ಲಿ ಇಳಿಸಿ ಎಲ್ಲರಿಗೂ ಹಂಚ್ತಿದ್ದರಂತೆ, ಅದಕ್ಕೇ ಅಷ್ಟು ಡೇಟಾ. ಅವನ ಕೀ ತೆಗೆಯಬೇಡ, ಆದರೆ ಅಮ್ಮನ ಹತ್ತಿರಕ್ಕೆ ಅವನ ಸ್ನೇಹಿತರು ಬರಬಾರದು ಅಂದಳು. ಸರ್ಕಾರದ ಮನೆಯ ಹುಡುಗನ ಬಗ್ಗೆ ಅವಳು ಹೇಳಿದ್ದು ನಾನು ಯೋಚಿಸದೇ ಇದ್ದ ಮಾತು: ಆ ಹುಡುಗನನ್ನು ಒಬ್ಬನನ್ನೇ ಬಿಟ್ಟು ಉಳಿದವರಿಗೆ ಕೊಟ್ಟರೆ ಅವನಿಗೆ ಅದು ಗೊತ್ತಾಗುತ್ತೆ, ಆಗ ನಿಜವಾಗಲೂ ತೊಂದರೆ. ಹಾಸ್ಟೆಲ್ ಸರ್ವರಿನಲ್ಲಿ ಅವನೂ ಇರಲಿ, ಅದರಲ್ಲಿ ತಮ್ಮನನ್ನು ಬಿಟ್ಟು ನಮ್ಮ ಮನೆಯ ಬೇರೆ ಯಾರೂ ಇರೋದು ಬೇಡ. ತಮ್ಮ ಹಾಸ್ಟೆಲಿನಲ್ಲಿ ಹಾಸ್ಟೆಲಿನ ಕೀ, ಮನೆಗೆ ಬಂದಾಗ ಯಾವ ಕೀಯೂ ಇಲ್ಲ, ಅಮ್ಮನ ಫೋನಿನಲ್ಲೇ ನೋಡಿಕೊಳ್ಳಲಿ ಅಂತ ಅವಳೇ ನಿಯಮ ಮಾಡಿದಳು. ಟೆಲಿಗ್ರಾಮಿನವರಿಗೆ ಅವಳು ನಂಬರ್ ಕೊಟ್ಟೇ ಇಲ್ಲ.

ಮಲ್ಲಿಗೆ ಮತ್ತು ಕನಕಾಂಬರಕ್ಕೆ ಫಿನ್‌ಲ್ಯಾಂಡಿನಲ್ಲಿ ಹೊಸ ಸರ್ವರ್ ಮಾಡಿದ್ದೀನಿ. ಹಾಸ್ಟೆಲ್ ಸರ್ವರ್ ಬೇರೆ ಕಂಪನಿಯಲ್ಲಿ, ಅದಕ್ಕೆ ಹೂವು ಬೇಡ ಅಂತ ತರಕಾರಿ ಹೆಸರಿಟ್ಟೆ. ಸಂಪಿಗೆಗೆ ಇನ್ನೂ ಮಾಡಬೇಕು, ಈ ವಾರ ಮಾಡ್ತೀನಿ. ಅಲ್ಲಿಯವರೆಗೆ ಸೈಫನ್ ಬಳಸಲು ಹೇಳಿಸಿದ್ದೀನಿ.

ರ‍್ಯಾಕ್ ರೂಮ್ ಸರ್, ಒಂದು ಪ್ರಶ್ನೆ ಉಳಿದಿದೆ. ಸ್ನೋಫ್ಲೇಕ್ ಅಮ್ಮನ ಹಳೇ ಲ್ಯಾಪ್‌ಟಾಪಿನಲ್ಲಿ ಹಾಕಿದ್ದೀನಿ, ಅದು ಹಗಲಿಡೀ ಆನ್ ಇರುತ್ತೆ. ಎಕ್ಸ್‌ಟೆನ್ಷನ್ನಿನಲ್ಲಿ ನಮ್ಮ ನ್ಯಾಟ್ (ಹೊರಗಿನ ಸಂಪರ್ಕವನ್ನು ರೌಟರ್ ಒಳಗೆ ಬಿಡೋ ರೀತಿ) ನಿರ್ಬಂಧಿತ ಅಂತ ತೋರಿಸ್ತಿದೆ. ಮನೆ ರೌಟರಿನಲ್ಲಿ ಏನಾದರೂ ಬದಲಿಸಿದರೆ ಹೆಚ್ಚು ಜನಕ್ಕೆ ಸಿಗುತ್ತಾ, ಇಲ್ಲಾ ಹೀಗೇ ಬಿಡಬಹುದಾ?